ಬಿ ಬದಿಯ ಹಾಡು

ಕುಂಬಳೆಯಲ್ಲಿ ಬದಿಯಡ್ಕದ ಬಸ್ಸಿಗೆ ಕಾಯುವಾಗ ಪಕ್ಕದ ಇಬ್ಬರ ಮಾತು ಕಿವಿಗೆ ಬಿತ್ತು, ಕೇಳಬಾರದಿತ್ತೇನೋ. ಗಿಟಾರ್ ಹಿಡಿದವನು ಸವಿಯೊ, ಅವನ ಬ್ಯಾಂಡಿನಲ್ಲಿ ಹಾಡುವವನು ಪ್ರವೀತ್.

“ನಮ್ಮ ಕ್ಯಾಸೆಟ್ ಕೇಳಿದೆಯಾ?” ಸವಿಯೊ ಕೇಳಿದ.

“ಲೋಕಯ್ಯಣ್ಣನ ಬಾಡಿಗೆ ಜೀಪಿನಲ್ಲಿ. ಕೊಂಡವರು ಶೋಕೇಸಿನಲ್ಲಿಡುತ್ತಾರೆ, ಅವರಲ್ಲಿ ಟೇಪ್‌ರೆಕಾರ್ಡರ್ ಎಲ್ಲುಂಟು?”

“ಎಂತ ಅನಿಸಿತು?”

“ಎ ಬದಿ ನಮ್ಮ ಪಂಕ್, ಎರಡೆರಡು ನಿಮಿಷದ ಹಾಡು. ನಾನು ಹಾಡಿ ಸ್ಟುಡಿಯೊದಿಂದ ಹೋದ ಮೇಲೆ ಬಿ ಬದಿಯನ್ನು ಪೂರಾ ಥ್ರ್ಯಾಶ್ ಮೆಟಲ್ ಮಾಡಿದ್ದೀ. ನಿನ್ನ ಗಿಟಾರ್ ಮುಗಿಯುವುದೇ ಇಲ್ಲ. ಅಷ್ಟು ಹೊತ್ತು ನಾನು ಸ್ಟೇಜಿನಲ್ಲಿ ಬೆವರು ಒರೆಸುವುದಾ?”

“ಹಾಗಾದರೆ ಬ್ಯಾಂಡ್ ಬಿಡುತ್ತೀಯಾ?”

“ಜೀಪಿನಲ್ಲಿದ್ದ ಅಜ್ಜಿಯೊಬ್ಬರು, ಇದು ಯಾರ ಗಲಾಟೆ ಎಂದು ಕೇಳಿದರು.”

“ನೀನೆಂತ ಹೇಳಿದೆ?”

“ನಮ್ಮದು ಎಂದೆ.”

“ಬಿ ಬದಿ ಓಡುವಾಗಲಾ?”

“ಹೌದು ಮಾರಾಯ. ನಗಬೇಡ.”

ಬಸ್ಸು ಬಂತು. ಸವಿಯೊನ ಗಿಟಾರನ್ನು ಪ್ರವೀತನೇ ಎತ್ತಿಕೊಂಡು ಹತ್ತಿದ.