ಸಣ್ಣಕ್ಷರದ ಸಾಲು

...ಬುಡಕ್ಕಾ, ಆ ನೋಟೀಸು ಬಾಗ್ಲಲ್ಲೇ ಇರ್ಲಿ, ಕೀಳ್ಬ್ಯಾಡ! ನಿನ್ ಮನೆ ಜಪ್ತಿ ಮಾಡ್ತಾರಂತೆ, ಜಪ್ತಿ! ಭಾನುವಾರ ಒಂದು ಬರ್ಲಿ ಕಣಕ್ಕ. ಆ ಸುಖನೆಲೆ ಫೈನಾನ್ಸಿನ ಮೋಹನ್‌ಕುಮಾರಂಗೆ ಹಾಸನದ ಗ್ರೌಂಡಲ್ಲೇ ನೀರಿಳಿಸ್ತೀನಿ. ಇಲ್ಲಾಂದ್ರೆ ನಾನು ನಟರಾಜನೇ ಅಲ್ಲ!

ಯಾಕ್ ನಗ್ತೀಯ? ಅವರೆಕಾಯಿ ಸುಲಿಯೋದು ಬುಟ್ಟು ಇತ್ಲಾಗ್ ನೋಡು. ಬಡಿದಾಡಕ್ಕೆ ಓಗ್ತಿಲ್ಲ ನಾನು. ಫೈನಲ್ಲು ಕಣಕ್ಕ, ಫೈನಲ್ಲು! ನಮ್ ಹೊಳೆನರಸೀಪುರದ ಟೀಮು ಹದಿನಾಲ್ಕು ವರ್ಷ ಆದ್ಮೇಲೆ ಫೈನಲ್ ಆಡ್ತೈತೆ. ಎಲ್ಲಾ ಕ್ರಿಕೆಟ್ ಕ್ರಿಕೆಟ್ ಅಂತ ಸಾಯೋವಾಗ ನಾನೊಬ್ಬ ಫುಟ್‌ಬಾಲ್ ಫುಟ್‌ಬಾಲ್ ಅಂತ ಸತ್ತೆ. ಈ ಸೀಸನ್ನಲ್ಲಿ ಸಿದ್ದೇಶ ಹತ್ತೊಂಬತ್ತು ಗೋಲು ಹೊಡ್ದವ್ನೆ! ಚನ್ನರಾಯಪಟ್ಟಣದೋರು ಅವನ್ನ ಕಂಡ್ರೆ ಬೆವರ್ತಾರೆ. ಕಪ್ಪು ನಮ್ದೇ... ಅದ್ ಬುಡು. ಕಾಮೆಂಟ್ರಿ ಮೈಕು ಯಾರ್ ಕೈಲಿರ್ತೈತೆ? ನನ್ ಕೈಲಿ! ಮೋಹನ್‌ಕುಮಾರ ಮುಖ್ಯ ಅತಿಥಿ. ಶಾಲು, ಹಾರ, ಮೈಸೂರು ಪೇಟ, ಎಲ್ಲಾ ಆಕ್ಸಿ ಕೂರಿಸ್ತೀನಿ. ಆಮೇಲೆ ಐತೆ ಅವಂಗೆ ಹಬ್ಬ.

'ಮಾನ್ಯರೇ, ನಮ್ಮಕ್ಕ ಹೊನ್ನಕ್ಕ ಇಪ್ಪತ್ತೆಂಟು ವರ್ಷ ಅಂಗನವಾಡೀಲಿ ಉಪ್ಪಿಟ್ಟು ತಿರುವಿ ಕಟ್ಟಿದ ಮನೆ. ಆ ಮನೆ ಪತ್ರ ಅಡ ಇಸ್ಕೊಂಡ ಮಹಾನುಭಾವರು ಇವರೇ. ಮಹಡಿ ಕಟ್ಟಿ, ಬಾಡಿಗೆಗೆ ಬಿಡಿ, ತಿಂಗಳ ಕಂತು ಬರೀ ಐದು ಸಾವಿರ ಅಂತ ಕರಪತ್ರದಲ್ಲಿ ಕುಂಬಳಕಾಯಿ ಗಾತ್ರದ ಅಕ್ಷರದಲ್ಲಿ ಬರೆಸಿದ್ರು. ಏಳನೇ ತಿಂಗಳಿಗೆ ಹನ್ನೊಂದು ಸಾವಿರ! ಕೇಳಿದ್ರೆ, ಕೆಳಗೆ ಸಣ್ಣಕ್ಷರದಲ್ಲಿ ಹಾಕಿದ್ವಲ್ಲಮ್ಮ, ಓದ್ಲಿಲ್ವಾ ಅಂದ್ರು!' ಅಂತೀನಿ. ಅವನ ಮುಂದೇನೇ! ಜನ ಕ್ಯಾಕರಿಸಿ ಉಗೀಬೇಕು. ಪೇಟ ಬುಟ್ಟು ಓಡ್ಬೇಕು ನನ್ಮಗ.

ಕೇಳಕ್ಕ... ಆ ಸಣ್ಣಕ್ಷರಾನೂ ಮೈಕಲ್ಲಿ ಹೇಳ್ತೀನಿ. ಓದೋದೇನು ಬ್ಯಾಡ, ಬಾಯಿಪಾಠ ಐತೆ. 'ಈ ಕಂತು ಮೊದಲ ಆರು ತಿಂಗಳಿಗೆ ಮಾತ್ರ. ನಂತರದ ಬಡ್ಡಿ ಕಂಪನಿಯ ವಿವೇಚನೆಗೆ ಸೇರಿದ್ದು.' ಇರುವೆ ಕಾಲಿನಷ್ಟು ಸಣ್ಣಕ್ಷರ...

ಏನು? ಯಾಕಂಗ್ ನೋಡ್ತೀಯ? ಬಾಯಿಪಾಠ ಎಂಗಾಯ್ತು ಅಂತನಾ? ನಿನ್ನೆ ಓದ್ದೆ, ನೋಟೀಸ್ ಬಂದ್ಮೇಲೆ... ಇಲ್ಲ, ನೋಟೀಸು ಇವತ್ತು ತಾನೆ ಬಂತು... ಯಾವತ್ತೋ ಓದ್ದೆ ಕಣಕ್ಕ!

ಎಲ್ಗೆ ಎದ್ದೆ? ದೇವ್ರ ಮನೇಲಿ ಏನೈತೆ? ಆ ಕರಪತ್ರ ಅಲ್ಲೇ ಮಡಗಕ್ಕ... ಹೂಂ, ಅರಿಶಿಣ ಕುಂಕುಮ ನಾನೇ ಹಚ್ಚಿದ್ದು. ಶುಭಕಾರ್ಯದ ಕಾಗದಕ್ಕೆ ನಾಲ್ಕು ಮೂಲೆಗೂ ಹಚ್ತಾರಲ್ವಾ... ಗೊತ್ತು. ಗೊತ್ತು ಕಣಕ್ಕ. ಮೂಲೆಗ್ ಮಾತ್ರ. ಕೆಳಗಿನ ಸಾಲಿನ ಮ್ಯಾಲೆ ಉದ್ದಕ್ಕೂ ಯಾರೂ ಬಳಿಯಲ್ಲ. ಉಗುರಲ್ಲಿ ಕೆರೀಬ್ಯಾಡ, ಕೈ ಮುಗೀತೀನಿ...

ನೀನು ಬಸ್ ಟಿಕೆಟ್ಟೂ ಬುಡದೆ ಓದೋಳು. ಆ ಸಾಲು ಓದಿದ್ರೆ ರುಜು ಆಕ್ತಿರ್ಲಿಲ್ಲ. ಒಂದು ಮನೆ ಪತ್ರ ತಂದ್ಕೊಡು ನಟರಾಜು, ಸೀಸನ್ ಪೂರ್ತಿ ನಿಮ್ ಟೀಮಿಗೆ ಜರ್ಸಿ ಬೂಟು ನಮ್ದು ಅಂದಿದ್ದ ಆ ಮೋಹನ್‌ಕುಮಾರ. ಹುಡುಗ್ರು ಬರಿಗಾಲಲ್ಲಿ ಆಡ್ತಿದ್ರು ಕಣಕ್ಕ! ಬೂಟಿದ್ರೆ ಈ ಸಲ ಗೆಲ್ತೀವಿ ಅಂತ... ಕಂತು ಏನೋ ಒಸಿ ಏರ್ಬೋದು ಅಂದ್ಕಂಡೆ. ಇಂಗೆ ಡಬ್ಬಲ್ ಆಯ್ತದೆ ಅಂತ ನಂಗೇನ್ ಗೊತ್ತು?

ಬೈಯಕ್ಕ. ಚಪ್ಪಲೀಲಿ ಹೊಡಿ... ಅದ್ಯಾಕೆ ಆ ಕಾಗದ ನನ್ ಜೇಬಿಗೆ ಇಕ್ತಿದ್ದೀಯ? ಭಾನುವಾರ ಮೈಕಲ್ಲಿ ಓದು ಅಂತನಾ? ಎಲ್ಲಾನೂವಾ?... ಕುಂಕುಮ ಬಳಿದೋನು ಯಾರು ಅನ್ನೋದೂವಾ? ಸಿದ್ದೇಶನ ಮುಂದೆ, ಹುಡುಗ್ರ ಮುಂದೆ?

ಅಕ್ಕಾ... ಒಂದೇ ಒಂದ್ ಮಾತು ಬೈಯೇ...