ಗುರುವಾರದ ನೀರಿನ ಪಾಳಿ

ಅಕ್ಟೋಬರ್ ಬಂತೆಂದರೆ ನಮ್ಮ ಅರಿಜೋನಾದಲ್ಲಿ ಬೇಸಿಗೆಯ ಹುಲ್ಲನ್ನು ಬುಡಮಟ್ಟ ಹೆರೆದು, ಚಳಿಗಾಲದ ಹುಲ್ಲಿನ ಬೀಜ ಚೆಲ್ಲುವ ಕೆಲಸ. ಬೀಜದಂಗಡಿಯ ಸಾಲಿನಲ್ಲಿ ನನ್ನ ಮುಂದೆ ಮುದುಕಿ ವರ್ಲಾ ಮತ್ತು ಅವಳ ಪಕ್ಕದ ಮನೆಯ ಲಾಮರ್ ನಿಂತಿದ್ದರು.

“ಈ ವರ್ಷಾನೂ ಬೀಜಾನಾ, ವರ್ಲಮ್ಮ? ಬೀದೀಲಿ ಎಲ್ಲರೂ ಹುಲ್ಲು ಕಿತ್ತು ಅಂಗಳಕ್ಕೆ ಜಲ್ಲಿ ಹಾಕಿಸಾಯ್ತು.”

“ಹಾಕಿಸ್ಕೊಳ್ಳಲಿ. ನಾನು ಕಾದ ಜಲ್ಲಿ ಮೇಲೆ ರೊಟ್ಟಿ ಸುಡೋಕೆ ಅಂಗಳ ಇಟ್ಕೊಂಡಿಲ್ಲ.”

“ಮರುಭೂಮೀಲಿ ಹುಲ್ಲು ಬೆಳೆಸೋದು ಬರೀ ಹಟ ಅಲ್ವಾ?”

“ಹಟಾನೇ. ಇಲ್ಲಿ ನೀನು ಮನೆ ಕಟ್ಟಿದ್ದು ಇನ್ನೇನು?”

“ಕಾಲುವೇಲಿ ನೀರು ಕಮ್ಮಿ. ಒಂದು ಪಾಳಿ ನೀರಿಗೆ ಬೀಜ ಮೊಳೆಯಲ್ಲ.”

“ಗೊತ್ತು. ಅದಕ್ಕೇ ಗುರುವಾರ ನಿನ್ನ ಪಾಳೀನೂ ನಂದೇ.”

“ನನ್ನದಾ?”

“ಜೂನಲ್ಲಿ ನಿನ್ನ ನಿಂಬೆ ಗಿಡ ಒಣಗ್ತಿದ್ದಾಗ ನನ್ನ ಪಾಳಿ ಬಿಟ್ಟುಕೊಟ್ಟೆ. ತೀರಿಸಿದೆಯಾ?”

“ಇಲ್ಲ. ಆದ್ರೂ ಹುಲ್ಲಿಗೋಸ್ಕರ...”

“ನಿನ್ನ ನಾಯಿ ಮಧ್ಯಾಹ್ನ ಎಲ್ಲಿ ಮಲಗುತ್ತೆ, ಲಾಮರ್? ನಿನ್ನ ಜಲ್ಲಿ ಮೇಲಾ?”

ಲಾಮರ್ ಅವಳ ಬೀಜದ ಮೂಟೆಯನ್ನು ಹೆಗಲಿಗೇರಿಸಿಕೊಂಡ.

“ಗುರುವಾರ ತೂಬು ನಾನೇ ಎತ್ತುತ್ತೀನಿ.”

“ಎತ್ತು. ನಾಯೀನೂ ಕರ್ಕೊಂಡು ಬಾ. ಮೊಳಕೆ ಬಲಿಯೋವರೆಗೂ ಕಾಲಿಡಬೇಡ ಅಂತ ಅದಕ್ಕೂ ಹೇಳಬೇಕು.”

ಇಬ್ಬರೂ ಬಿಸಿಲಿಗಿಳಿದು ಹೊರಟರು.