ದೊಡ್ಡ ಸೆಟ್ಟಿನ ವ್ಯಾನು

ವಡಾಲ ಸ್ಟೇಷನ್ನಿನ ಬೆಂಚಿನಲ್ಲಿ ನನ್ನ ಪಕ್ಕ ಇಬ್ಬರು ವೈರ್‌ಲೆಸ್ ಎಂಜಿನಿಯರುಗಳು ಕೂತಿದ್ದರು.

“ಬೈಕುಲ್ಲಾದಲ್ಲಿ ಇವತ್ತೂ ವ್ಯಾನುಗಳ ಗುಂಪು ಒಡೀತು ನಾಣಿ,” ಎಂದರು ಹಿರಿಯರು. “ದೊಡ್ಡ ವೈರ್‌ಲೆಸ್ ಸೆಟ್ಟಿರೋ ಡ್ರೈವರ್ ಶೇಖರ ಸಿಗ್ನಲ್ ದಾಟಿ ಹೋಗ್ಬಿಟ್ಟ. ಹಿಂದಿನ ಮೂರು ವ್ಯಾನಿನ ಚಿಕ್ಕ ಸೆಟ್ಟಿನ ಮಾತು ಅವನಿಗೇ ಮುಟ್ಟಲಿಲ್ಲ, ಇನ್ನು ಅವನ ಮೂಲಕ ಆಫೀಸಿಗೆ ಎಲ್ಲಿ?”

“ದೊಡ್ಡ ಸೆಟ್ಟು ಹಿಂದೆ ಬರೋ ದೂಜಣ್ಣನ ವ್ಯಾನಿಗೆ ಹಾಕಿ ಸಾರ್. ಶೇಖರ ಒಬ್ಬನನ್ನ ಬಿಟ್ಟರೆ ಯಾರೂ ಅವನನ್ನ ಬಿಟ್ಟು ಮುಂದೆ ಹೋಗಲ್ಲ.”

“ಅಷ್ಟು ಗೌರವವೇ?”

“ಗೌರವ ಅಲ್ಲ ಸಾರ್, ಎಲ್ಲರ ಚಾ ಫ್ಲಾಸ್ಕು ಅವನ ಹತ್ರ ಇರುತ್ತೆ.”

“ಅವನದು ಹಳೇ ವ್ಯಾನು, ದೊಡ್ಡ ಸೆಟ್ಟಿಗೆ ಬ್ಯಾಟರಿ ತಡೆಯಲ್ಲ. ನಾಳೆಯೂ ಗುಂಪು ಒಡೆದರೆ ಸೆಟ್ಟೆಲ್ಲ ಬಿಚ್ಚಿಸ್ತೀನಿ ಅಂದಿದ್ದಾರೆ ಮಾಲೀಕರು.”

“ಹಾಗಾದ್ರೆ ಫ್ಲಾಸ್ಕನ್ನೇ ಶೇಖರನ ವ್ಯಾನಲ್ಲಿ ಇಡೋಣ.”

ಲೋಕಲ್ ಬಂತು.

“ದೂಜ ಕೊಡಬೇಕಲ್ಲಪ್ಪಾ,” ಎನ್ನುತ್ತ ಹಿರಿಯರು ಮೊಣಕಾಲು ಹಿಡಿದು ಎದ್ದರು.